ಟ್ರಿನಿಡಾಡ್‌ನಲ್ಲಿ ದೋಣಿ ತಪ್ಪಿದ ಮೇಲೆ

ಕರೋನಿ ಜೌಗಿನ ದೋಣಿಕಟ್ಟೆ ತಲುಪಿದಾಗ ನಾಲ್ಕೂವರೆ. ದೋಣಿ ಹೊರಡೋದು ನಾಲ್ಕಕ್ಕೆ. ಕಟ್ಟೆ ಖಾಲಿ. "ಇನ್ನೊಂದು ಬರುತ್ತೇನೋ ಕೇಳು" ಅಂದರು ಅಪ್ಪ, ಸಬರ್ಬನ್ ಬಸ್ ಸ್ಟ್ಯಾಂಡ್‌ನಲ್ಲಿ ನಿಂತ ಹಾಗೆ. ಕೆಂಪು ಐಬಿಸ್ ಹಕ್ಕಿಗಳು ಗೂಡಿಗೆ ಮರಳೋದು ದಿನಕ್ಕೆ ಒಂದೇ ಸಲ. ಅದಕ್ಕೆಂದೇ ಹೊರಡೋ ದೋಣಿ ಮತ್ತೆ ಯಾಕೆ ಬರುತ್ತೆ?

ಅಪ್ಪ ಅಮ್ಮ ಮೈಸೂರಿನಿಂದ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದಿದ್ದರು. ಜನವರಿ ಚಳಿಗೆ ಒಳಗೇ ಕೂತು ಬೇಸತ್ತಿದ್ದರು. ನ್ಯೂಯಾರ್ಕ್‌ನಿಂದ ಟ್ರಿನಿಡಾಡ್‌ನ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ಗೆ ವಿಮಾನದಲ್ಲಿ ಸುಮಾರು ಐದು ಗಂಟೆ. ಜನವರಿಯಿಂದ ಮೇವರೆಗೆ ಅಲ್ಲಿ ಮಳೆ ಕಡಿಮೆ. ಎಲ್ಲಕ್ಕಿಂತ ಮುಖ್ಯ, ಅಮ್ಮ ತಿನ್ನುವಂಥದ್ದು ಬೀದಿಬೀದಿಯಲ್ಲಿ ಸಿಗುತ್ತೆ. ನಾಲ್ಕು ದಿನಕ್ಕೆ ಟಿಕೆಟ್ ಮಾಡಿಸಿದೆ. ತಪ್ಪು ಮಾಡಿದ್ದು ಟೂರ್ ವಿಷಯದಲ್ಲಿ. "ಪರಂಪರೆ, ಪ್ರಕೃತಿ ಎರಡೂ ಒಂದೇ ದಿನದಲ್ಲಿ" ಅಂತ ಒಬ್ಬ ಏಜೆಂಟ್ ಕಳಿಸಿದ ಪಟ್ಟಿಗೆ ಯೋಚಿಸದೆ ಹೂಂ ಅಂದುಬಿಟ್ಟೆ. ಮ್ಯಾಪ್ ತೆಗೆದು ನೋಡಲೂ ಇಲ್ಲ.

ಪಟ್ಟಿಯಲ್ಲಿ ಮೊದಲಿದ್ದದ್ದು ದ್ವೀಪದ ದಕ್ಷಿಣದ ಲಾ ಬ್ರೇಯಾದ ಡಾಂಬರು ಕೆರೆ. ಸುಮಾರು 100 ಎಕರೆ, ನಡುವೆ 75 ಮೀಟರ್ ಆಳ ಅಂತಾರೆ. ನೋಡೋಕೆ ನೀರು ಬತ್ತಿ ಬಿರುಕುಬಿಟ್ಟ ನಮ್ಮ ಕೆರೆಯಂಗಳದ ಹಾಗೇ ಇದೆ. ಗಂಧಕದ ವಾಸನೆ ಬೇರೆ. 1595ರಲ್ಲಿ ಇಂಗ್ಲಿಷ್ ನಾವಿಕ ವಾಲ್ಟರ್ ರ‍್ಯಾಲಿ ತನ್ನ ಹಡಗುಗಳ ಬಿರುಕು ಮುಚ್ಚಿದ್ದು ಇದೇ ಡಾಂಬರಿನಿಂದ. ಗೈಡ್ ಒಂದು ಕಡ್ಡಿಯನ್ನು ಮೆತ್ತನೆ ಜಾಗದಲ್ಲಿ ಅದ್ದಿ ಮೇಲೆತ್ತಿದ. ಕಪ್ಪು ದಾರ ಉದ್ದಕ್ಕೆ ಎಳೆದುಕೊಂಡು ಬಂತು. "ಒಂದೆಳೆ ಪಾಕ" ಅಂದರು ಅಮ್ಮ. ಅಂದು ಒಂದು ಹೆಜ್ಜೆ ಮುಂದೆ ಇಟ್ಟರು. ಕಾಲು ಬಂತು, ಚಪ್ಪಲಿ ಬರಲಿಲ್ಲ. ಅದನ್ನು ಕೀಳೋಕೇ ಹತ್ತು ನಿಮಿಷ. ಪಟ್ಟಿ ಇರುವ, ಹೋದರೆ ಹೋಗಲಿ ಅನ್ನುವಂಥ ಹಳೇ ಚಪ್ಪಲಿ ಹಾಕಿಕೊಂಡು ಹೋಗಿ, ಗೈಡ್ ಹೆಜ್ಜೆ ಇಟ್ಟಲ್ಲೇ ಹೆಜ್ಜೆ ಇಡಿ. ಕೆರೆ ಚೆನ್ನಾಗಿಯೇ ಇತ್ತು. ಅಲ್ಲಿಂದ ಉತ್ತರಕ್ಕೆ ಹೊರಟು, ಟ್ರಾಫಿಕ್‌ನಲ್ಲಿ ಸಿಕ್ಕಿ, ನಾಲ್ಕಕ್ಕೆ ಕರೋನಿ ಮುಟ್ಟುತ್ತೀವಿ ಅಂದುಕೊಂಡಿದ್ದೇ ತಮಾಷೆ.

ಮಾರನೇ ದಿನ ಎಲ್ಲೂ ಓಡಲಿಲ್ಲ. ಅಪ್ಪನಿಗಾಗಿ ಕ್ವೀನ್ಸ್ ಪಾರ್ಕ್ ಓವಲ್‌ಗೆ ಹೋದೆವು. 1976ರ ಏಪ್ರಿಲ್‌ನಲ್ಲಿ ಭಾರತ ನಾಲ್ಕನೇ ಇನಿಂಗ್ಸ್‌ನಲ್ಲಿ 403 ರನ್ ಬೆನ್ನಟ್ಟಿ ಗೆದ್ದ ಮೈದಾನ. ವಿಶ್ವನಾಥ್ 112, ಬ್ರಿಜೇಶ್ ಪಟೇಲ್ ಔಟಾಗದೆ 49, ಮೊದಲ ಇನಿಂಗ್ಸ್‌ನಲ್ಲಿ ಚಂದ್ರಶೇಖರ್‌ಗೆ ಆರು ವಿಕೆಟ್. ಅಪ್ಪನಿಗೆ ಇದೆಲ್ಲ ಬಾಯಿಪಾಠ. ಬೆಟ್ಟದ ಕಡೆ ಮುಖ ಮಾಡಿ ಸುಮ್ನೆ ನಿಂತಿದ್ದರು. ನಾನು ಮಾತಾಡಿಸಲಿಲ್ಲ.

ಆ ರಾತ್ರಿ ಮ್ಯಾಪ್ ತೆಗೆದು ಸಂಜೆ ನಾಲ್ಕರಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ನಮಗೆ ಬೇಕಾದ್ದು ಬಹುಪಾಲು ದ್ವೀಪದ ನಡುಭಾಗದಲ್ಲೇ, ಒಂದರ ಪಕ್ಕ ಒಂದು ಇತ್ತು! ಏಜೆಂಟ್‌ನ ಬಿಟ್ಟು, ಹೋಟೆಲಿನವರು ಹೇಳಿದ ಒಬ್ಬ ಹುಡುಗನ ಕಾರು ದಿನದ ಲೆಕ್ಕಕ್ಕೆ ಗೊತ್ತು ಮಾಡಿದೆ. ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಗಡೆಯೇ ಓಡಿಸೋದು, ನಾನೇ ಓಡಿಸಬಹುದಿತ್ತು. ಆದರೆ ಆ ಹುಡುಗನಿಂದ ಸಿಕ್ಕಿದ್ದು ಬರೀ ಡ್ರೈವಿಂಗ್ ಅಲ್ಲ.

ಬೆಳಿಗ್ಗೆ ಅವನು ಮೊದಲು ನಿಲ್ಲಿಸಿದ್ದು ಡಬಲ್ಸ್ ಗಾಡಿ ಮುಂದೆ. ಅರಿಶಿನ ಹಾಕಿ ಕರಿದ ಎರಡು ಮೆತ್ತನೆ 'ಬಾರಾ', ಮೇಲೆ ಕಡಲೆಕಾಳಿನ ಸಾರು, ಹುಣಸೆ ಚಟ್ನಿ, ಸೌತೆಕಾಯಿ ತುರಿ. ಕಾಗದದಲ್ಲಿ ತಿರುಚಿ ಕೊಡ್ತಾರೆ, ಬಿಚ್ಚಿ ನಿಂತಲ್ಲೇ ತಿನ್ನಬೇಕು. ಖಾರ ಕೇಳಿದಾಗ 'ಸ್ಲೈಟ್' ಅನ್ನಿ. ಆಂಧ್ರದ ಊಟ ಅರಗಿಸಿಕೊಂಡವನು ನಾನು ಅಂತ ಜಂಬಪಟ್ಟು ಜಾಸ್ತಿ ಹಾಕಿಸಿಕೊಂಡೆ, ಕಣ್ಣಲ್ಲಿ ನೀರು ಬಂತು. "ನಮ್ಮ ಆಜಿ ಇದಕ್ಕಿಂತ ಖಾರ ಮಾಡ್ತಾಳೆ" ಅಂದ ಹುಡುಗ. ಅಲ್ಲಿ ಅಪ್ಪನ ತಾಯಿಗೆ 'ಆಜಿ' ಅಂತಾರೆ. ಅಮ್ಮನಿಗೆ ಬೇರೆ ಇಂಗ್ಲಿಷ್ ಅರ್ಥವಾಗದಿದ್ದರೂ ಅದೊಂದು ಅರ್ಥವಾಯಿತು. ಆಮೇಲೆ ದಿನವಿಡೀ ಅವನ ಆಜಿ ಬಗ್ಗೆಯೇ ವಿಚಾರಣೆ, ನಡುವೆ ದುಭಾಷಿ ನಾನು.

ಈ ಹುಡುಗನಂಥ ಭಾರತ ಮೂಲದವರ ಹಿರಿಯರು ಕಬ್ಬಿನ ತೋಟಕ್ಕೆ ಕರಾರಿನ ಕೂಲಿಗಳಾಗಿ ಬಂದವರು. ಮೊದಲ ಹಡಗು ಫತೆಲ್ ರಜಾಕ್ ಕಲ್ಕತ್ತೆಯಿಂದ ಹೊರಟು 1845ರ ಮೇ 30ರಂದು ಇಲ್ಲಿ ಮುಟ್ಟಿತು. 1917ರವರೆಗೆ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಜನ ಬಂದರು. ಹೆಚ್ಚಿನವರು ಭೋಜಪುರಿ ಸೀಮೆಯವರು, ಸ್ವಲ್ಪ ಜನ ಮದ್ರಾಸ್ ಬಂದರಿನಿಂದ. ಹಾಗೆ ಬಂದ ಕುಟುಂಬದವನೇ ಶಿವದಾಸ್ ಸಾಧು. ವಾಟರ್‌ಲೂ ಅನ್ನೋ ಊರಿನ ದಡದಲ್ಲಿ ಗುಡಿ ಕಟ್ಟಿದ. ಜಾಗ ಸಕ್ಕರೆ ಕಂಪನಿಯದು. ಗುಡಿ ಒಡೆಸಿದರು, ಅವನನ್ನು ಜೈಲಿಗೆ ಹಾಕಿದರು. ನೆಲ ನಿಮ್ಮದಾದರೆ ಸಮುದ್ರ ಯಾರದೂ ಅಲ್ವಲ್ಲ ಅಂತ ಸೈಕಲ್ ಮೇಲೆ ಕಲ್ಲು, ಸಿಮೆಂಟು ಹೊತ್ತು ವರ್ಷಗಟ್ಟಲೆ ನೀರಿಗೇ ಸುರಿದ. ಈಗಿರುವ ಗುಡಿ 1995ರಲ್ಲಿ ಮತ್ತೆ ಕಟ್ಟಿದ್ದು.

ಇಲ್ಲಿಗೆ ಹೋಗುವ ಮುಂಚೆ ಉಬ್ಬರ ಇಳಿತದ ಹೊತ್ತು ನೋಡಿಕೊಳ್ಳಿ. ಗುಡಿ ನೀರಲ್ಲಿ ತೇಲಿದ ಹಾಗೆ ಫೋಟೋ ಬೇಕಿದ್ದರೆ ಉಬ್ಬರ, ಹಕ್ಕಿ ಬೇಕಿದ್ದರೆ ಇಳಿತ. ನಾವು ಇಳಿತಕ್ಕೆ ಹೋದೆವು. ನೀರು ಹಿಂದೆ ಸರಿದು ಕೆಸರು ಹೊಳೀತಿತ್ತು, ಅದರ ತುಂಬ ಬೆಳ್ಳಕ್ಕಿ. ಪಕ್ಕದಲ್ಲೇ ಸುಡುಗಾಡು, ಒಂದು ಚಿತೆ ಇನ್ನೂ ಹೊಗೆಯಾಡ್ತಿತ್ತು. ನಾವು ಕ್ಯಾಮೆರಾ ಒಳಗಿಟ್ಟೆವು.

ಹತ್ತಿರದ ಕಾರಪಿಚೈಮಾದಲ್ಲಿ 85 ಅಡಿ ಹನುಮಂತ. ಕಟ್ಟಿಸಿದ್ದು ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ದತ್ತಪೀಠ. "ಅಯ್ಯೋ, ಇದಕ್ಕೆ ನಾನು ಇಷ್ಟು ದೂರ ಬರಬೇಕಿತ್ತಾ? ನಂಜನಗೂಡು ರಸ್ತೆಗೆ ಆಟೋ ಸಾಕಿತ್ತು" ಅಂತ ನಕ್ಕರು ಅಮ್ಮ. ನಕ್ಕು ಮೂರು ಸುತ್ತು ಪ್ರದಕ್ಷಿಣೆ ಹಾಕಿದರು. ಹತ್ತಿರದ ಮ್ಯೂಸಿಯಂ ಅರ್ಧ ಗಂಟೆಯಲ್ಲಿ ಮುಗಿಸಿದೆವು. ಕಣ್ಣು ಆಗಲೇ ಗಡಿಯಾರದ ಮೇಲಿತ್ತು.

ಮೂರೂವರೆಗೆ ಕರೋನಿ. ದೋಣಿ ಕಾಂಡ್ಲಾ ಕಾಡಿನ ಕಾಲುವೆಯಲ್ಲಿ ನಿಧಾನಕ್ಕೆ ಹೋಗುತ್ತೆ. ತಲೆ ಮೇಲಿನ ಕೊಂಬೆಯಲ್ಲಿ ಒಂದು ಹಾವು ಸಿಂಬೆಯ ಹಾಗೆ ಸುತ್ತಿಕೊಂಡು ಮಲಗಿತ್ತು. ಅಂಬಿಗ ತೋರಿಸದಿದ್ದರೆ ಕಾಣ್ತಾನೇ ಇರಲಿಲ್ಲ. ಆಮೇಲೆ ಕಾಲುವೆ ಅಗಲವಾಗಿ ನೀರಿನ ಬಯಲಾಯಿತು. ದೋಣಿಯನ್ನು ಕಟ್ಟಿ ಎಂಜಿನ್ ಆರಿಸಿದರು. ಮೊದಲು ಎರಡು ಹಕ್ಕಿ, ಆಮೇಲೆ ಐದು, ಆಮೇಲೆ ಸಾಲುಸಾಲು. ಮರಿಗಳು ಬೂದು ಕಂದು. ಏಡಿ, ಸೀಗಡಿ ತಿಂದು ತಿಂದು ಕೆಂಪಾಗೋದು. ಎದುರಿನ ಹಸಿರು ದಿಬ್ಬ ನೋಡನೋಡುತ್ತಾ ಮೇ ತಿಂಗಳ ಗುಲ್‌ಮೊಹರ್ ಮರವಾಯಿತು. ದೋಣಿಯನ್ನು ಹತ್ತಿರ ಒಯ್ಯಲ್ಲ, ಹಕ್ಕಿ ಬೆದರುತ್ತೆ. ನನ್ನ ಫೋನಿನಲ್ಲಿ ಸಿಕ್ಕಿದ್ದು ಬರೀ ಕುಂಕುಮದ ಚುಕ್ಕೆ, ಬೈನಾಕ್ಯುಲರ್ ಇಲ್ಲದೆ ಹೋಗಬೇಡಿ. ಅಮ್ಮ ಎಣಿಸುತ್ತಾ ಇನ್ನೂರಕ್ಕೆ ಸೋತರು.

ವಾಪಸ್ ಬಂದಾಗ ಕತ್ತಲು, ಮೈತುಂಬ ಸೊಳ್ಳೆ. ಕಾರಿನ ಹತ್ತಿರ ಹುಡುಗ ಒಂದು ಸಣ್ಣ ಬಾಟಲಿ ಹಿಡಿದು ನಿಂತಿದ್ದ. ಆಜಿ ಮಾಡಿದ ಕುಚೇಲಾ. ಹಸಿ ಮಾವಿನ ತುರಿ, ಮಸಾಲೆ, ಸಾಸಿವೆ ಎಣ್ಣೆ. ಅಮ್ಮ ಮುಚ್ಚಳ ತೆಗೆದು ಮೂಸಿ, ಬೆರಳಲ್ಲಿ ಒಂದಿಷ್ಟು ನೆಕ್ಕಿದರು. "ಇನ್ನೆರಡು ದಿನ ಬಿಸಿಲಿಗಿಡಬೇಕಿತ್ತು ಅಂತ ಅವರಜ್ಜಿಗೆ ಹೇಳೋ" ಅಂದರು. ನಾನು ಅವನಿಗೆ ತುಂಬಾ ಚೆನ್ನಾಗಿದೆಯಂತೆ ಅಂದೆ.