ಹೋಂ ಕೇರ್ ಹೇಗಿದೆ ಅಂತ ತಿಳಿಯಲು ಹಿಮ್ಮಡಿ ನೋಡಿ

ಹಾಸಿಗೆ ಹಿಡಿದವರ ಆರೈಕೆಗೆ ಏಜೆನ್ಸಿಯಿಂದ ಜನ ಬರುತ್ತಿದ್ದರೆ, ವಾರಕ್ಕೆರಡು ಸಲ ನೀವೇ ರೋಗಿಯನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿನ ಕೆಳತುದಿ, ಸೊಂಟದ ಪಕ್ಕದ ಮೂಳೆ, ಹಿಮ್ಮಡಿ ನೋಡಿ. ಕೆಂಪಾದ ಕಡೆ ಬೆರಳಿನಿಂದ 3 ಸೆಕೆಂಡ್ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ಅಲ್ಲಿ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪು ಹಾಗೇ ಉಳಿದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಬಿಟ್ಟರೆ ಮೂಳೆಯ ಮೇಲಿನ ಚರ್ಮಕ್ಕೆ ರಕ್ತ ಸಿಗದೆ ಹೀಗಾಗುತ್ತದೆ. 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದಾಗಿ ಆರೈಕೆಗೆ ಬರುವವರು ಚಾರ್ಟ್‌ನಲ್ಲಿ ಸಂಜೆ ಒಟ್ಟಿಗೇ ಟಿಕ್ ಹಾಕಬಹುದು, ಚರ್ಮವನ್ನು ಹಾಗೆ ತಿದ್ದಲು ಆಗುವುದಿಲ್ಲ. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಕಾಣುವುದೇ ಕಷ್ಟ. ಅಂಥವರಲ್ಲಿ ಅಂಗೈ ಇಟ್ಟು ನೋಡಿ: ಸುತ್ತಲಿಗಿಂತ ಬಿಸಿ, ಗಟ್ಟಿ ಅಥವಾ ಮೆತ್ತಗೆ ಅನಿಸುತ್ತದಾ, ಮುಟ್ಟಿದರೆ ನೋವಾಗುತ್ತದಾ? ಸಕ್ಕರೆ ಕಾಯಿಲೆ ಅಥವಾ ಅಪೌಷ್ಟಿಕತೆ ಇದ್ದರೆ ಒಳ್ಳೆಯ ಆರೈಕೆಯಲ್ಲೂ ಹುಣ್ಣಾಗಬಹುದು, ಅದೊಂದರಿಂದಲೇ ತಪ್ಪು ಹೊರಿಸಬೇಡಿ. ನಿಮಗಿಂತ ಮೊದಲು ಆರೈಕೆಗೆ ಬರುವವರೇ ಗಮನಿಸಿ ಹೇಳಿದ್ದರಾ ಅನ್ನುವುದು ಮುಖ್ಯ. ಕೆಂಪಾದ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರೆ ಮಾತ್ರ ತಕ್ಷಣ ನಿಲ್ಲಿಸಿ, ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟಾಗುತ್ತದೆ; ತರಬೇತಿ ಪಡೆದವರು ಹಾಗೆ ಮಾಡಬಾರದು.