ಮಾನಿಟರ್ ಇಲ್ಲದೆ ಮೂರು ನೋಡ್‌ಗಳ ಹೈಪರ್‌ಕನ್ವರ್ಜ್ಡ್ ಕ್ಲಸ್ಟರ್: ನನ್ನ ಅನುಭವ

ಶಿವಮೊಗ್ಗದ ಒಂದು ಔಷಧ ಸಗಟು ವಿತರಣಾ ಸಂಸ್ಥೆಗಾಗಿ ನಾನು ಕಟ್ಟಿಕೊಟ್ಟ ಪ್ರಾಕ್ಸ್‌ಮಾಕ್ಸ್ (ವರ್ಚುವಲ್ ಯಂತ್ರಗಳನ್ನು ಓಡಿಸುವ ತಂತ್ರಾಂಶ) ಮತ್ತು ಸೆಫ್ (ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಒಂದೇ ಸಂಗ್ರಹವಾಗಿಸುವ ತಂತ್ರಾಂಶ) ಕ್ಲಸ್ಟರ್, ಅಂದರೆ ಒಂದಾಗಿ ದುಡಿಯುವ ಸರ್ವರ್‌ಗಳ ಗುಂಪು, ಈಗ ಎರಡು ಮಳೆಗಾಲಗಳನ್ನು ದಾಟಿದೆ. ಅದರ ಮೂರು ಸರ್ವರ್‌ಗಳಿಗೆ (ನೋಡ್‌ಗಳಿಗೆ) ಇಂದಿನವರೆಗೂ ಯಾರೂ ಮಾನಿಟರ್ ಜೋಡಿಸಿಲ್ಲ. ಬಯೋಸ್ ಸೆಟ್ಟಿಂಗ್‌ನಿಂದ ಹಿಡಿದು ಸೆಫ್ ಪೂಲ್ ರಚನೆಯವರೆಗೆ ಎಲ್ಲವನ್ನೂ ಬೆಂಗಳೂರಿನಲ್ಲಿ ಕುಳಿತು, ನೆಟ್‌ವರ್ಕ್ ಮೂಲಕ ಬರಿಯ ಪಠ್ಯವನ್ನು ಸಾಗಿಸುವ ಸೀರಿಯಲ್ ಓವರ್ ಲ್ಯಾನ್‌ನ ಕಪ್ಪು ಪರದೆಯಲ್ಲೇ ಮಾಡಿದ್ದೇನೆ. ಚಿತ್ರರೂಪದ ಕನ್ಸೋಲ್ ಇಲ್ಲದೆ, ಹತ್ತು ಗಿಗಾಬಿಟ್ ಸ್ವಿಚ್ ಇಲ್ಲದೆ, ಅದೂ ಹಳೆಯ ಸರ್ವರ್‌ಗಳಲ್ಲಿ ಇದು ನಿಲ್ಲುವುದಿಲ್ಲವೆಂದು ಹೇಳಿದವರು ಹಲವರಿದ್ದರು. ಅವರಲ್ಲಿ ಇಬ್ಬರು ಈಚೆಗೆ ನನ್ನ ಸಂರಚನಾ ಕಡತಗಳನ್ನು ಕೇಳಿ ಪಡೆದಿದ್ದಾರೆ.

ಪಠ್ಯ ಕನ್ಸೋಲನ್ನೇ ಹಿಡಿದದ್ದಕ್ಕೆ ಹಟ ಕಾರಣವಲ್ಲ. ಮಳೆ ಜೋರಾದರೆ ಅಲ್ಲಿನ ಬ್ರಾಡ್‌ಬ್ಯಾಂಡ್ ಕೈಕೊಡುತ್ತದೆ, ಆಗ ಉಳಿಯುವುದು ಒಂದು ಮೊಬೈಲ್ ಡಾಂಗಲ್ ಮಾತ್ರ. ಹಳೆಯ ಬಿಎಂಸಿಗಳ (ಸರ್ವರನ್ನು ದೂರದಿಂದ ನಿಯಂತ್ರಿಸಲು ಅದರೊಳಗಿರುವ ಪುಟ್ಟ ಚಿಪ್) ಚಿತ್ರರೂಪದ ಕನ್ಸೋಲ್‌ಗೆ ಜಾವಾ ಬೇಕು; ಅದು ತೆರೆದರೂ ಒಂದು ಕೀಲಿ ಒತ್ತಿ ಅಕ್ಷರ ಮೂಡುವುದನ್ನು ಕಾಯುತ್ತ ಕೂರಬೇಕು. 115200 ಬಿಟ್ ವೇಗದ ಸೀರಿಯಲ್ ಸಾಲಿನಲ್ಲಿ ಹರಿಯುವುದು ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 11 ಕಿಲೋಬೈಟ್ ಆದ್ದರಿಂದ, ಎಂತಹ ಬಡಕಲು ಸಂಪರ್ಕದಲ್ಲೂ ಅದು ನಡೆಯುತ್ತದೆ.

ಮೊದಲು ಹಣದ ವಿಷಯ. ಸಿದ್ಧ ಹೈಪರ್‌ಕನ್ವರ್ಜ್ಡ್ (ಗಣನೆಯೂ ಸಂಗ್ರಹವೂ ಅದೇ ಯಂತ್ರಗಳಲ್ಲಿರುವ) ಪೆಟ್ಟಿಗೆಗಳಿಗೆ, ಮೂರು ವರ್ಷಗಳ ಬೆಂಬಲವೂ ಸೇರಿ, ಬಂದಿದ್ದ ದರಪಟ್ಟಿ ಹೆಚ್ಚುಕಡಿಮೆ 20 ಲಕ್ಷದ್ದು. ನಾನು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ, ತಲಾ ಎರಡು ಕ್ಸಿಯಾನ್ ಪ್ರೊಸೆಸರ್ ಮತ್ತು 128 ಜಿಬಿ ಮೆಮೊರಿ ಇರುವ ಬಳಸಿದ ಸರ್ವರ್‌ಗಳನ್ನು ಒಂದಕ್ಕೆ 70 ಸಾವಿರದ ಆಸುಪಾಸಿನಲ್ಲಿ ಕೊಂಡೆ. ಎರಡು ಪೋರ್ಟ್‌ಗಳ ಮೆಲನಾಕ್ಸ್ ನೆಟ್‌ವರ್ಕ್ ಕಾರ್ಡ್‌ಗಳು ತಲಾ ಮೂರು ಸಾವಿರ, ಅವನ್ನು ಜೋಡಿಸುವ ಡಿಎಸಿ ತಾಮ್ರದ ಕೇಬಲ್‌ಗಳು ಸಾವಿರ ಚಿಲ್ಲರೆ. ಡಿಸ್ಕ್‌ಗಳೂ ಸೇರಿ ಒಟ್ಟು ಮೂರೂವರೆ ಲಕ್ಷದ ಒಳಗೇ ಮುಗಿಯಿತು. ಯಾವ ಅಂಗಡಿ, ಚೌಕಾಸಿಯಲ್ಲಿ ಯಾವ ಮಾತಿಗೆ ಬೆಲೆ ಇಳಿಯಿತು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ; ನಾಲ್ಕನೆಯ ಸರ್ವರನ್ನು ನಾನಿನ್ನೂ ಕೊಳ್ಳಬೇಕಾಗಿದೆ.

ಕನ್ಸೋಲ್ ಒಲಿಯಲು ಬಹಳ ಸಮಯ ಹಿಡಿಯಿತು. ಬಯೋಸ್ ತೆರೆಗಳು ಚೆನ್ನಾಗಿ ಕಾಣುತ್ತಿದ್ದವು, ಲಿನಕ್ಸ್‌ನ ತಿರುಳಾದ ಕರ್ನಲ್ ಏರಿದ ಕೂಡಲೇ ಪರದೆ ಸತ್ತುಹೋಗುತ್ತಿತ್ತು. ಈ ಸರ್ವರ್‌ಗಳಲ್ಲಿ ಸೀರಿಯಲ್ ಓವರ್ ಲ್ಯಾನ್ ಕೂರುವುದು ಎರಡನೆಯ ಕಾಮ್ ಪೋರ್ಟ್‌ನಲ್ಲಿ, ಅಂದರೆ ಲಿನಕ್ಸ್‌ನ ಲೆಕ್ಕದಲ್ಲಿ ಟಿಟಿವೈಎಸ್1; ಅಂತರ್ಜಾಲದ ಉದಾಹರಣೆಗಳಲ್ಲಿ ಸಿಗುವುದು ಬಹುತೇಕ ಟಿಟಿವೈಎಸ್0. ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಆದೇಶದ ಸಾಲಿನಲ್ಲಿ ಎರಡು ಕನ್ಸೋಲ್‌ಗಳನ್ನು ಬರೆದಾಗ ಕೊನೆಯಲ್ಲಿರುವುದೇ ಮುಖ್ಯ ಕನ್ಸೋಲ್ ಆಗುವುದರಿಂದ, ಸೀರಿಯಲ್ ಹೆಸರು ಮಾನಿಟರ್ ಪರದೆಯ ಹೆಸರಾದ ಟಿಟಿವೈ0 ಆದಮೇಲೆಯೇ ಬರಬೇಕು. ಝಡ್‌ಎಫ್‌ಎಸ್ ಕಡತ ವ್ಯವಸ್ಥೆಯಲ್ಲಿ ರೂಟ್ ಇಟ್ಟು ಯುಇಎಫ್‌ಐನಲ್ಲಿ (ಬಯೋಸ್‌ನ ಹೊಸ ರೂಪ), ಸೆಕ್ಯೂರ್ ಬೂಟ್ ಇಲ್ಲದೆ ಸ್ಥಾಪಿಸಿದರೆ ಬೂಟ್ ಲೋಡರ್ ಗ್ರಬ್‌ನ ಕಡತವನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಆ ಸಾಲು ಇರುವುದು ಇಟಿಸಿ ಅಡಿಯ ಕರ್ನಲ್ ಡೈರೆಕ್ಟರಿಯ ಸಿಎಂಡಿಲೈನ್ ಕಡತದಲ್ಲಿ. ತಿದ್ದಿದ ಮೇಲೆ ಪ್ರಾಕ್ಸ್‌ಮಾಕ್ಸ್ ಬೂಟ್ ಟೂಲ್‌ಗೆ ರಿಫ್ರೆಶ್ ಕೊಡಬೇಕು.

ಕೀಲಿಗಳ ಕಾಟ ಬೇರೆ. ಬೂಟ್ ಪಟ್ಟಿ ತೆರೆಯಬೇಕಾದ ಎಫ್11 ಸೀರಿಯಲ್ ಮೂಲಕ ದಾಟುವುದೇ ಇಲ್ಲ. ಎಸ್ಕೇಪ್ ಒತ್ತಿ ಬಿಟ್ಟು, ತಕ್ಷಣ ಆಶ್ಚರ್ಯಸೂಚಕ ಚಿಹ್ನೆ ಒತ್ತಿದರೆ ಬೂಟ್ ಪಟ್ಟಿ ತೆರೆಯುತ್ತದೆ. ಬಿಎಂಸಿಯೊಡನೆ ಮಾತಾಡುವ ಐಪಿಎಂಐ ಟೂಲ್‌ನ ಕನ್ಸೋಲ್‌ನಿಂದ ಹೊರಬರಲು ಟಿಲ್ಡೆ ಮತ್ತು ಚುಕ್ಕಿ ಸಾಕು ಎನ್ನುತ್ತಾರೆ, ಆದರೆ ನೀವು ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಲಾಗಿನ್ ಆಗುವ ಸಾಧನ) ಒಳಗಿನಿಂದ ಅದನ್ನು ಓಡಿಸುತ್ತಿದ್ದರೆ ಮೊದಲ ಟಿಲ್ಡೆಯನ್ನು ಎಸ್‌ಎಸ್‌ಎಚ್ ನುಂಗಿ ಇಡೀ ಸಂಪರ್ಕವನ್ನೇ ಕಡಿದುಹಾಕುತ್ತದೆ. ಎರಡು ಟಿಲ್ಡೆ ಒತ್ತಿ ಚುಕ್ಕಿ ಇಡಬೇಕು. ಪರದೆಯ ಅಳತೆ ತಪ್ಪಿ ಸಾಲುಗಳು ಒಂದರ ಮೇಲೊಂದು ಬೀಳುವುದಕ್ಕೆ ಎಸ್‌ಟಿಟಿವೈ ಆದೇಶದಲ್ಲಿ ಸಾಲು ಮತ್ತು ಕಾಲಂ ಸಂಖ್ಯೆ ಕೊಟ್ಟರಾಯಿತು.

ಒಂದು ನೋಡ್‌ನ ಬಿಎಂಸಿ ಮಾತ್ರ ಬೂಟ್ ಮಧ್ಯದಲ್ಲಿ ಸದಾ ಕಡಿದುಹೋಗುತ್ತಿತ್ತು. ಅದು ಸರ್ವರ್‌ನ ಮೊದಲ ನೆಟ್‌ವರ್ಕ್ ಪೋರ್ಟನ್ನೇ ಹಂಚಿಕೊಂಡಿತ್ತು. ಕರ್ನಲ್ ಆ ಪೋರ್ಟ್‌ನ ಡ್ರೈವರ್ ಏರಿಸುವಾಗ ನಮ್ಮ ಸಂಪರ್ಕವೂ ಬೀಳುತ್ತಿತ್ತು. ಅದರ ಪ್ರತ್ಯೇಕ ಪೋರ್ಟ್ ಸುಟ್ಟಿದ್ದರಿಂದ, ಆ ನೋಡ್‌ಗೆ ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಮತ್ತು ಎರಡು ಸೀರಿಯಲ್ ಪೋರ್ಟ್‌ಗಳನ್ನು ನೇರ ಜೋಡಿಸುವ ನಲ್ ಮೋಡೆಮ್ ಕೇಬಲ್ ಕೊಟ್ಟೆ. ಅಲ್ಲಿ ಮಾತ್ರ ಟಿಟಿವೈಎಸ್0. ಈ ಉಪಪ್ರಯೋಗ ಎಷ್ಟು ಹಿಡಿಸಿತೆಂದರೆ, ಈಗ ಮೂರೂ ಕನ್ಸೋಲ್‌ಗಳ ಮಾತನ್ನು ಆ ಪೈ ಹಗಲಿರುಳು ಕಡತಕ್ಕೆ ಬರೆದಿಡುತ್ತದೆ. ಕರ್ನಲ್ ಪ್ಯಾನಿಕ್ ಆಗಿ ಯಂತ್ರ ಕುಸಿದಾಗ ಡಿಸ್ಕ್‌ಗೆ ಬರೆಯಲಾಗದ ಕೊನೆಯ ಸಾಲುಗಳು ಅಲ್ಲಿ ಸಿಗುತ್ತವೆ.

ಸ್ಥಾಪನೆಗೆ ಐಎಸ್‌ಒ ಕಡತವನ್ನು (ಸ್ಥಾಪನಾ ಡಿಸ್ಕ್‌ನ ಪ್ರತಿ) ಬಿಎಂಸಿಯ ವರ್ಚುವಲ್ ಮೀಡಿಯಾ ಮೂಲಕ ಕಳುಹಿಸುವ ಆಸೆಯನ್ನು ಬೇಗ ಕೈಬಿಟ್ಟೆ; ಒಂದು ಜಿಬಿ ಮೀರಿದ ಕಡತ ಆ ಸಾಲಿನಲ್ಲಿ ದಡ ಮುಟ್ಟುವುದಿಲ್ಲ. ಪ್ರತಿ ಸರ್ವರ್‌ನ ಒಳಗಿನ ಯುಎಸ್‌ಬಿ ಪೋರ್ಟ್‌ಗೆ ಒಂದು ಪೆನ್‌ಡ್ರೈವ್ ಸಿಕ್ಕಿಸಿ ಮುಚ್ಚಿಯೇ ಶಿವಮೊಗ್ಗಕ್ಕೆ ಕಳುಹಿಸಿದೆ. 2023ರ ಜೂನ್‌ನಲ್ಲಿ ಬಂದ ಎಂಟನೆಯ ಆವೃತ್ತಿಯಿಂದ ಪ್ರಾಕ್ಸ್‌ಮಾಕ್ಸ್‌ನಲ್ಲಿ ಪಠ್ಯರೂಪದ ಇನ್‌ಸ್ಟಾಲರ್ ಇದೆ, ಆದ್ದರಿಂದ ಮೊದಲು ಡೆಬಿಯನ್ ಲಿನಕ್ಸ್ ಹಾಕಿ ಮೇಲೆ ಪ್ಯಾಕೇಜ್ ಸೇರಿಸುವ ಹಳೆಯ ಸರ್ಕಸ್ ಬೇಕಾಗಲಿಲ್ಲ. ಮೂರು ನೋಡ್‌ಗಳಿಗೂ ಸೀರಿಯಲ್ ಮೂಲಕವೇ ಉತ್ತರಗಳನ್ನು ತುಂಬುವ ಒಂದು ಸ್ಕ್ರಿಪ್ಟ್ ನನ್ನಲ್ಲಿದೆ, ಅದು ನನ್ನ ಹೊಟ್ಟೆಪಾಡಿನ ಸರಕು.

ಹತ್ತು ಗಿಗಾಬಿಟ್ ಕಾರ್ಡ್ ಸೇರಿಸಿದಾಗ ಪಿಸಿಐ ಸಂಖ್ಯೆಗಳು ಸರಿದು, ಇದ್ದ ಪೋರ್ಟ್‌ನ ಹೆಸರು ಬದಲಾಗಿ, ಅದನ್ನು ನಂಬಿದ್ದ ನೆಟ್‌ವರ್ಕ್ ಬ್ರಿಡ್ಜ್ ಬಿದ್ದು ನೋಡ್ ಕಾಣೆಯಾಯಿತು. ಸೀರಿಯಲ್ ಇದ್ದದ್ದರಿಂದಲೇ ಅಲ್ಲಿಗೆ ಓಡಬೇಕಾಗಲಿಲ್ಲ. ಮ್ಯಾಕ್ ವಿಳಾಸಕ್ಕೆ ಹೆಸರು ಕಟ್ಟುವ ಲಿಂಕ್ ಕಡತಗಳನ್ನು ಬರೆದ ಮೇಲೆ ಆ ತೊಂದರೆ ಮರುಕಳಿಸಿಲ್ಲ.

ಸ್ವಿಚ್ ಇಲ್ಲದ್ದಕ್ಕೆ ಮೂರು ಕೇಬಲ್‌ಗಳಿಂದ ಪ್ರತಿ ನೋಡನ್ನು ಉಳಿದೆರಡಕ್ಕೆ ನೇರವಾಗಿ ಜೋಡಿಸಿದೆ. ಮೊದಲು ಆರ್‌ಎಸ್‌ಟಿಪಿ (ಜಾಲದಲ್ಲಿ ಸುತ್ತು ಬೀಳದಂತೆ ತಡೆಯುವ ವಿಧಾನ) ಪ್ರಯತ್ನಿಸಿದರೆ ಮೂರರಲ್ಲಿ ಒಂದು ಕೊಂಡಿ ಮುಚ್ಚಿಕೊಂಡು, ಎರಡು ನೋಡ್‌ಗಳ ಸಂಚಾರ ಸದಾ ಮೂರನೆಯದನ್ನು ಸುತ್ತಿಕೊಂಡೇ ಹೋಗುತ್ತಿತ್ತು. ದಾರಿ ಆರಿಸುವ ಎಫ್‌ಆರ್‌ಆರ್ ತಂತ್ರಾಂಶದ ಓಪನ್‌ಫ್ಯಾಬ್ರಿಕ್ ಹಾಕಿದ ಮೇಲೆ ನೇರ ದಾರಿಯೇ ಬಳಕೆಯಾಗುತ್ತದೆ, ಕೇಬಲ್ ಕಿತ್ತರೆ ಮಾತ್ರ ಸುತ್ತುದಾರಿ. ನೋಡ್‌ಗಳು ಪರಸ್ಪರ ಜೀವಂತವಿವೆಯೇ ಎಂದು ನೋಡಿಕೊಳ್ಳುವ ಕೋರೋಸಿಂಕನ್ನು ಈ ಜಾಲದಲ್ಲಿ ಇಡಲೇ ಇಲ್ಲ, ಅದಕ್ಕೆ ಒಂದು ಗಿಗಾಬಿಟ್‌ನ ಪ್ರತ್ಯೇಕ ಸಾಲು ಕೊಟ್ಟೆ. ಸೆಫ್ ಮರುಭರ್ತಿ ಸಾಲನ್ನು ತುಂಬಿದಾಗ ಕ್ವೋರಂ (ನೋಡ್‌ಗಳ ಬಹುಮತ) ತಪ್ಪಿ, ಎಚ್‌ಎ (ನೋಡ್ ಬಿದ್ದರೆ ಕೆಲಸವನ್ನು ಬೇರೆಡೆ ಎಬ್ಬಿಸುವ ಸೌಲಭ್ಯ) ಇರುವ ನೋಡ್‌ಗಳು ತಮ್ಮನ್ನು ತಾವೇ ರೀಬೂಟ್ ಮಾಡಿಕೊಳ್ಳುವುದನ್ನು ಬೇರೆಡೆ ಕಂಡಿದ್ದೆ.

ಡಿಸ್ಕ್‌ಗಳಲ್ಲಿ ಹೆಚ್ಚು ಹಣ ಹೋಯಿತು. ಮಾಲೀಕರ ಪರಿಚಯದವರು ಅಗ್ಗಕ್ಕೆ ಕೊಡಿಸಿದ ಡೆಸ್ಕ್‌ಟಾಪ್ ಎಸ್‌ಎಸ್‌ಡಿಗಳನ್ನು ಎಫ್‌ಐಒ ಎಂಬ ಡಿಸ್ಕ್ ಪರೀಕ್ಷಾ ತಂತ್ರಾಂಶದಲ್ಲಿ ನಾಲ್ಕು ಕಿಲೋಬೈಟ್‌ನ ಸಿಂಕ್ ಬರಹಕ್ಕೆ ಒಡ್ಡಿದರೆ ಐಒಪಿಎಸ್ (ಸೆಕೆಂಡಿಗೆ ಓದು-ಬರಹಗಳ ಸಂಖ್ಯೆ) ಕೆಲವು ನೂರಕ್ಕೆ ನಿಂತಿತು. ವಿದ್ಯುತ್ ಹೋದರೂ ಕ್ಯಾಶ್ ಉಳಿಸುವ ಕೆಪಾಸಿಟರ್ ಇರುವ, ಬಳಸಿದ 960 ಜಿಬಿ ಎಂಟರ್‌ಪ್ರೈಸ್ ಡಿಸ್ಕ್‌ಗಳಲ್ಲಿ ಅದೇ ಪರೀಕ್ಷೆ ಹತ್ತು ಸಾವಿರ ದಾಟಿತು. ಅವು ತಲಾ ಏಳು ಸಾವಿರದಂತೆ ಹನ್ನೆರಡು ಬೇಕಾದವು. ಹಳೆಯವು ಬಿಲ್ಲಿಂಗ್ ಕೌಂಟರ್‌ನ ಡೆಸ್ಕ್‌ಟಾಪ್‌ಗಳಿಗೆ ಹೋಗಿ ಅಲ್ಲಿ ಸುಖವಾಗಿವೆ.

ಹನ್ನೆರಡು ಡಿಸ್ಕ್ ಎಂದರೆ ಕಾಗದದ ಮೇಲೆ ಹನ್ನೊಂದೂವರೆ ಟಿಬಿ, ಮೂರು ಪ್ರತಿಗಳ ಲೆಕ್ಕದಲ್ಲಿ ನಾಲ್ಕಕ್ಕೂ ಕಡಿಮೆ. ಅದನ್ನೂ ಪೂರ್ತಿ ತುಂಬುವಂತಿಲ್ಲ. ಮೂರೇ ನೋಡ್‌ಗಳಿರುವಾಗ ಒಂದು ಡಿಸ್ಕ್ ಸತ್ತರೆ ಅದರ ಭಾರ ಅದೇ ನೋಡ್‌ನ ಉಳಿದ ಮೂರರ ಮೇಲೆಯೇ ಬೀಳುತ್ತದೆ, ಶೇ. 64 ತುಂಬಿದ್ದರೆ ಅದು ಶೇ. 85 ಆಗಿ ಸೆಫ್‌ನ ನಿಯರ್‌ಫುಲ್ (ತುಂಬುತ್ತಿದೆ ಎಂಬ) ಎಚ್ಚರಿಕೆ ಬರುತ್ತದೆ. ಹಾಗಾಗಿ ಶೇ. 60 ನಮ್ಮ ಗಡಿ. ಸ್ಥಳ ಹೆಚ್ಚಿಸಲು ಪೂರ್ಣ ಪ್ರತಿಗಳ ಬದಲು ಎರಡು ಭಾಗ ಡೇಟಾಗೆ ಒಂದು ಭಾಗ ರಕ್ಷಣಾ ಮಾಹಿತಿ ಇಡುವ ಎರಡು ಪ್ಲಸ್ ಒಂದು ಇರೇಷರ್ ಕೋಡಿಂಗನ್ನೂ ಪಕ್ಕದಲ್ಲಿ ಪ್ರಯೋಗಿಸಿದೆ. ಸ್ಥಳ ಸಿಕ್ಕಿತು, ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ತೆವಳಿತು, ಅಳಿಸಿಹಾಕಿದೆ.

ಕಳೆದ ಮಳೆಗಾಲದಲ್ಲಿ ಎರಡನೆಯ ನೋಡ್‌ನ ಬೂಟ್ ಡಿಸ್ಕ್‌ಗಳೆರಡೂ ಹೋದವು. ಅಂಗಡಿಯ ಹುಡುಗ ಹೊಸ ಎರಡನ್ನು ತೂರಿಸಿದ. ಉಳಿದದ್ದು ಡಾಂಗಲ್ ಮೇಲೆಯೇ ನಡೆಯಿತು. ಹಳೆಯ ನೋಡನ್ನು ಕ್ಲಸ್ಟರ್‌ನಿಂದ ತೆಗೆದು, ಒಳಗಿನ ಪೆನ್‌ಡ್ರೈವ್‌ನಿಂದ ಮರುಸ್ಥಾಪಿಸಿ, ಮತ್ತೆ ಸೇರಿಸಿ, ಸೆಫ್ ವಾಲ್ಯೂಮ್‌ಗೆ ಎಲ್ಲ ಡಿಸ್ಕ್‌ಗಳನ್ನೂ ಸಕ್ರಿಯಗೊಳಿಸಲು ಹೇಳಿದೆ. ಡೇಟಾ ಡಿಸ್ಕ್‌ಗಳನ್ನು ಅಳಿಸದ ಕಾರಣ ನಾಲ್ಕೂ ಹಾಗೆಯೇ ಎದ್ದು, ನಡುವೆ ಬದಲಾದ ಭಾಗವನ್ನಷ್ಟೇ ತುಂಬಿಕೊಂಡವು. ಬಿಲ್ಲಿಂಗ್ ನಿಲ್ಲಲಿಲ್ಲ.

ನಾಲ್ಕನೆಯ ನೋಡ್ ಬಂದರೆ ಎಲ್ಲವನ್ನೂ ನೇರವಾಗಿ ಜೋಡಿಸಲು ಪ್ರತಿಯೊಂದಕ್ಕೂ ಮೂರು ಪೋರ್ಟ್, ಒಟ್ಟು ಆರು ಕೇಬಲ್ ಬೇಕು. ಅಷ್ಟರ ಹೊತ್ತಿಗೆ ಬಳಸಿದ ಹತ್ತು ಗಿಗಾಬಿಟ್ ಸ್ವಿಚ್ 25 ಸಾವಿರಕ್ಕೆ ಇಳಿದರೆ ಅದನ್ನೇ ಕೊಳ್ಳುತ್ತೇನೆ, ಆದರೆ ಅದಕ್ಕೂ ಸೀರಿಯಲ್ ಪೋರ್ಟ್ ಇರಲೇಬೇಕು.