ಅಬ್ಲೇಶನ್ ಆದಮೇಲೆ ಮನೆಯಲ್ಲೇ ನಾಡಿ ನೋಡುವುದು ಹೇಗೆ?

ಮುಂಬೈ ಪಕ್ಕದ ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತಿಳಿದು ಮನೆ ಸೇರಿದ ಕೂಡಲೇ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ನಾಡಿ 104 ಕಂಡು, 'ಅಯ್ಯೋ, ಮತ್ತೆ ಶುರುವಾಯ್ತು' ಎಂದು ಗಾಬರಿಯಾಗುವವರನ್ನು ಬೇಕಾದಷ್ಟು ನೋಡಿದ್ದೇನೆ. ಏಟ್ರಿಯಲ್ ಫಿಬ್ರಿಲೇಶನ್‌ಗೆ (ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ತೊಂದರೆ) ಅಬ್ಲೇಶನ್ (ಆ ತೊಂದರೆ ಹುಟ್ಟಿಸುವ ಜಾಗದ ಸುತ್ತ ಸುಡುವ ಚಿಕಿತ್ಸೆ) ಮಾಡಿಸಿಕೊಂಡವರು ಮೊದಲು ಗಮನಿಸಬೇಕಾದ್ದು ಬಡಿತದ ತಾಳ. ಸಂಖ್ಯೆ ಆಮೇಲೆ.

ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಫೋನ್ ಬೇಡ.

ಮುಂದಿನದರಲ್ಲೇ ಎಲ್ಲರೂ ಎಡವುವುದು. ಎಡ ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ತಗ್ಗಿನಲ್ಲಿ ಬಲಗೈಯ ತೋರುಬೆರಳು, ನಡುಬೆರಳು ಇಡಿ. ಹೆಬ್ಬೆರಳಿಂದ ನೋಡಬೇಡಿ, ಅದರದ್ದೇ ಬಡಿತ ಸೇರಿಕೊಳ್ಳುತ್ತದೆ. ಜಾಸ್ತಿ ಒತ್ತಿದರೆ ನಾಡಿಯೇ ಸಿಗದು. ಎಣಿಸುವ ಮೊದಲು ತಾಳ ಹಿಡಿಯಿರಿ. ಒಂದೇ ಅಂತರದಲ್ಲಿ ಬರುತ್ತಿದೆಯೇ? ಎಲ್ಲೋ ಒಂದು ಬಡಿತ ತಪ್ಪಿ ಮತ್ತೆ ಸರಿಹೋದರೆ ಹೆದರಬೇಕಿಲ್ಲ. ಎರಡು ಬಡಿತಗಳ ಅಂತರ ಒಮ್ಮೆಯೂ ಒಂದೇ ಆಗಿಲ್ಲ, ಒಂದು ಜೋರು, ಇನ್ನೊಂದು ಮೆತ್ತಗೆ ಅನ್ನಿಸಿದರೆ ಅನುಮಾನ ಪಡಿ. ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ತಾಳ ತಪ್ಪಿದ ನಾಡಿಗೆ ನಡೆಯುವುದಿಲ್ಲ. ಫೋನಿನ ಕ್ಯಾಮೆರಾ ಮೇಲೆ ಬೆರಳಿಡಿಸುವ ಫ್ರೀ ಆ್ಯಪ್‌ಗಳನ್ನು ಅಳಿಸಿಹಾಕಿ. ಇಸಿಜಿ ತೆಗೆಯುವ ವಾಚ್ ಇದ್ದರೆ ಸರಿ, ಅದು ತೆಗೆದ ಇಸಿಜಿಯನ್ನು ಉಳಿಸಿಟ್ಟುಕೊಳ್ಳಿ.

ಅಬ್ಲೇಶನ್‌ಗೆ ಮೊದಲು ನಿಮಿಷಕ್ಕೆ 65 ಇದ್ದದ್ದು ಈಗ 78 ಆಗಿದೆಯೇ? ತಾಳ ಸರಿಯಿದ್ದರೆ ಅದು ಸಾಮಾನ್ಯ. ವೇಗಸ್ ನರ ಹೃದಯಕ್ಕೆ ಬ್ರೇಕ್ ಇದ್ದ ಹಾಗೆ. ಶ್ವಾಸಕೋಶದಿಂದ ರಕ್ತ ತರುವ ನಾಳಗಳು ಹೃದಯ ಸೇರುವ ಕಡೆಯೇ ಅದರ ನರಗಂಟುಗಳಿವೆ. ಅಬ್ಲೇಶನ್‌ನಲ್ಲಿ ಆ ನಾಳಗಳ ಸುತ್ತ ಸುಡುವಾಗ ಅವಕ್ಕೂ ತಾಗುತ್ತದೆ, ಬ್ರೇಕ್ ಸಡಿಲವಾಗುತ್ತದೆ.

ಕೊನೆಗೆ ಪುಸ್ತಕದಲ್ಲಿ ಬರೆಯಿರಿ: ದಿನ, ಹೊತ್ತು, ಸಂಖ್ಯೆ, ತಾಳ. 'ಅದಕ್ಕೆ ಮುಂಚೆ ಏನು ಮಾಡುತ್ತಿದ್ದೆ' ಅನ್ನುವುದನ್ನು ಮಾತ್ರ ಬಿಡಬೇಡಿ. ಫಾಸ್ಟ್ ಲೋಕಲ್ ಹಿಡಿಯಲು ಓಡಿದಾಗ ತಾಳ ತಪ್ಪಿತೋ, ಮಾಟುಂಗದಲ್ಲಿ ಹೊಟ್ಟೆ ಬಿರಿಯೆ ಉಂಡು ಮಲಗಿದಾಗ ತಪ್ಪಿತೋ? ಓಟ, ಜಗಳಕ್ಕೆ ಹೃದಯದ ವೇಗ ಏರಿಸುವ ಸಿಂಪಥೆಟಿಕ್ ನರಗಳು ಕೆರಳುತ್ತವೆ; ಭಾರಿ ಊಟ, ನಿದ್ದೆಯಲ್ಲಿ ವೇಗಸ್‌ದೇ ಕಾರುಬಾರು. ಎರಡೂ ಲಯ ಕೆಡಿಸಬಲ್ಲವು. ಕನ್ನಡದಲ್ಲಿ ಬರೆದರೂ ಅಂಕಿ ಇಂಗ್ಲಿಷ್‌ನಲ್ಲಿರಲಿ, ಮರಾಠಿ ಡಾಕ್ಟರಿಗೂ ತಿಳಿಯಬೇಕಲ್ವಾ?

ಮೊದಲ ಎರಡು-ಮೂರು ತಿಂಗಳಲ್ಲಿ ಲಯ ತಪ್ಪಿದರೆ ಅಬ್ಲೇಶನ್ ಸೋತಿತು ಅಂತಲ್ಲ, ಗಾಯ ಇನ್ನೂ ಮಾಗುತ್ತಿರುತ್ತದೆ. ಆದರೂ ಡಾಕ್ಟರಿಗೆ ತಿಳಿಸಿ. ಎದೆನೋವು, ಎಚ್ಚರ ತಪ್ಪುವುದು, ಮಾತು ತೊದಲುವುದು, ಜ್ವರದ ಜೊತೆ ನುಂಗಲು ನೋವು ಇದ್ದರೆ ನಾಡಿ ಎಣಿಸುತ್ತಾ ಕೂರದೆ ಆಸ್ಪತ್ರೆಗೆ ಓಡಿ. ತಾಳ ಎಷ್ಟೇ ಚೆನ್ನಾಗಿದ್ದರೂ ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.